ಕಣಕುಂಬಿಯ ನೀರು, ದಿಲ್ಲಿಯ ಗೆಜೆಟ್

ಬೆಳಗಾವಿಯಿಂದ ಜಾಂಬೋಟಿಯ ದಾರಿ ಹಿಡಿದು ಖಾನಾಪುರ ತಾಲೂಕಿನ ಕಣಕುಂಬಿಗೆ ಹೋದವರು ಒಂದು ವಿಚಿತ್ರವನ್ನು ಕಂಡಿರಬಹುದು. ಮಲಪ್ರಭೆ ಅಲ್ಲಿ ಹುಟ್ಟಿ ಮೂಡಣಕ್ಕೆ, ಸವದತ್ತಿಯ ಬಯಲಿಗೆ ಹರಿಯುತ್ತಾಳೆ. ಅದೇ ನೆಲದ ಕಳಸಾ ಹಳ್ಳವು ಮಹಾದಾಯಿಯನ್ನು ಸೇರಲು ಪಡುವಣಕ್ಕೆ ಇಳಿಯುತ್ತದೆ. ಈ ಹಳ್ಳವನ್ನು ಆ ನದಿಗೆ ತಿರುಗಿಸಬೇಕೆಂಬುದೇ ನಮ್ಮವರ ಬೇಡಿಕೆ.

1956ರ ಅಂತರರಾಜ್ಯ ಜಲವಿವಾದ ಕಾಯಿದೆಯಂತೆ ತೀರ್ಪು ಬರೆಯುವವರು ನ್ಯಾಯಾಧೀಶರು. ಅದಕ್ಕೆ ಜೀವ ಕೊಡುವ ಗೆಜೆಟ್ ಪ್ರಕಟಣೆ ಕೇಂದ್ರ ಸರ್ಕಾರದ ಕೆಲಸ. ಮಹಾದಾಯಿ ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿತು; ಅದರಲ್ಲಿ ಕಳಸಾ-ಬಂಡೂರಿಯ ಪಾಲು 3.9. ಪ್ರಕಟಣೆ ಹೊರಬಿದ್ದುದು, ಸರ್ವೋಚ್ಚ ನ್ಯಾಯಾಲಯ ಅನುಮತಿಸಿದ ಮೇಲೆ, 2020ರ ಫೆಬ್ರವರಿ 27ರಂದು. ನಡುವಿನ ಒಂದೂವರೆ ವರ್ಷ ನಮ್ಮ ಭಾಗದ ಮಾತು ಒಂದೇ: ನ್ಯಾಯಾಧೀಶರು ಕೊಟ್ಟುದನ್ನು ಸರ್ಕಾರ ತಡೆಯಬಹುದೇ?

ತರಗತಿಯಲ್ಲಿ ನಾನೂ ಹಾಗೆಯೇ ಆವೇಶದಿಂದ ಆಡಿದ್ದೆ. ಖಾನಾಪುರದ ವಿದ್ಯಾರ್ಥಿಯೊಬ್ಬ ಎದ್ದು, “ಸರ್, 1991ರಾಗ ಕಾವೇರಿ ಆದೇಶ ಗೆಜೆಟ್ಟಿನಾಗ ಬರಬಾರದು ಅಂದವರು ಯಾರ್ರಿ?” ಎಂದ. ನಾನು ತಡವರಿಸಿದೆ.

ಅಂದವರು ನಾವೇ. ಆ ವರ್ಷದ ಜೂನ್ 25ರಂದು ಕಾವೇರಿ ನ್ಯಾಯಮಂಡಳಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ದೊರೆಯಬೇಕೆಂದು ಮಧ್ಯಂತರ ಆದೇಶವಿತ್ತಿತು. ಬಂಗಾರಪ್ಪನವರ ಸರ್ಕಾರ ಜುಲೈ 25ಕ್ಕೆ ಅದನ್ನು ನಿಷ್ಫಲಗೊಳಿಸುವ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಲಾಗಿ, ನವೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು: ಸುಗ್ರೀವಾಜ್ಞೆ ಸಂವಿಧಾನಬಾಹಿರ, ತನ್ನ ವ್ಯಾಜ್ಯಕ್ಕೆ ರಾಜ್ಯವು ತಾನೇ ನ್ಯಾಯಾಧೀಶನಾಗಲಾಗದು, ಮಧ್ಯಂತರ ಆದೇಶವನ್ನೂ ಗೆಜೆಟ್ಟಿನಲ್ಲಿ ಪ್ರಕಟಿಸಲೇಬೇಕು. ಡಿಸೆಂಬರಿನಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ತಮಿಳರ ಮನೆಗಳು ಉರಿದವು. ಆಗ ಪ್ರಾಥಮಿಕ ಶಾಲೆಯಲ್ಲಿದ್ದ ನಾನು ಬಂದ್ ಎಂದರೆ ರಜೆಯೆಂದಷ್ಟೇ ಬಲ್ಲವನು.

ಕಾವೇರಿ ಬಯಲಿನ ರೈತನ ಸಂಕಟ ಸುಳ್ಳೆಂದು ನಾನು ಹೇಳಲಾರೆ. ಆದರೆ ಆದೇಶ ಕಠಿಣವೆನಿಸಿದರೆ ಪೀಠದ ಮುಂದೆಯೇ ಮತ್ತೆ ವಾದಿಸುವ ದಾರಿಯಿತ್ತು. ಮಹಾದಾಯಿ ತೀರ್ಪು ಒಪ್ಪಿಗೆಯಾಗದೆ ಮೂರು ರಾಜ್ಯಗಳೂ ಸರ್ವೋಚ್ಚ ನ್ಯಾಯಾಲಯಕ್ಕೇ ಹೋದವಲ್ಲ! ಅಂದು ನಮ್ಮ ಕೈ ಕಟ್ಟಿದ ಅಭಿಪ್ರಾಯವೇ, ಕಳಸಾ ನೀರನ್ನು ಸುಗ್ರೀವಾಜ್ಞೆಯಿಂದ ತಡೆಯದಂತೆ ಪಣಜಿಯ ಕೈಯನ್ನೂ ಕಟ್ಟಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಮರುದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. “ಹಂಗಾದ್ರ ಗೆಜೆಟ್ ಬಂದ ಕೂಡಲೆ ನೀರು ಬರತದೇನ್ರಿ?” ಎಂದ ಆ ಹುಡುಗ. ಗೆಜೆಟ್ಟಿನ ಆಚೆಗೂ ಅರಣ್ಯದ ಅನುಮತಿ, ವನ್ಯಜೀವಿಗಳ ಅನುಮತಿ ಎಂಬ ಬಾಗಿಲುಗಳಿವೆ. ಅವುಗಳ ಕೀಲಿಯೂ ಸರ್ಕಾರಗಳ ಬಳಿಯೇ ಇದೆ ಎಂದೆ.