ಮೀನಿನ ತೊಟ್ಟಿಗೆ ನೇರಳಾತೀತ ದೀಪ: ಕೊಳ್ಳುವ ಮುನ್ನ ಯೋಚಿಸಿರಿ



ಕಳೆದ ತಿಂಗಳು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನನ್ನು ಕಾಣಲು ಬಂದಿದ್ದರು. ತೋಟದ ಮೂಲೆಯಲ್ಲಿ ಟಾರ್ಪಾಲಿನ ತೊಟ್ಟಿ ಕಟ್ಟಿ ಬಯೋಫ್ಲಾಕ್ ಪದ್ಧತಿಯಲ್ಲಿ ಮೀನು ಸಾಕಿದ್ದಾರೆ. ಅವರ ಕೈಯಲ್ಲೊಂದು ಬಣ್ಣದ ಕರಪತ್ರ. ‘ನೇರಳಾತೀತ ದೀಪ ಅಳವಡಿಸಿರಿ, ಮೀನಿಗೆ ರೋಗವೇ ಇಲ್ಲ’ ಎಂದು ಅಚ್ಚಾಗಿತ್ತು. ಅದರ ಚಿತ್ರ ಮಾತ್ರ ನಮ್ಮ ಕಡೆಯ ತೊಟ್ಟಿಯದಲ್ಲ. ಬೆಂಗಳೂರಿನಂತಹ ನಗರಗಳಲ್ಲಿ ಉಳ್ಳವರು ಮನೆಯೊಳಗೆ ಉಪ್ಪುನೀರು ತುಂಬಿ ಹವಳ ಮತ್ತು ಕಡಲಮೀನು ಸಾಕುವ ಗಾಜಿನ ಪೆಟ್ಟಿಗೆಯದು. ಕೊಳ್ಳಬೇಡಿ ಎಂದೇ ನಾನು ಹೇಳಿದೆ. ಏಕೆಂಬುದನ್ನು ನಿಮಗೂ ತಿಳಿಸುತ್ತೇನೆ.

ಈ ಸಲಕರಣೆಯೆಂದರೆ ಒಂದು ಕೊಳವೆ, ಅದರೊಳಗೆ ಸ್ಫಟಿಕದ ಗಾಜು ತೊಟ್ಟ ಪಾದರಸದ ದೀಪ. ಪಂಪು ನೀರನ್ನು ದೀಪದ ಸುತ್ತ ಹರಿಸುತ್ತದೆ. ಕಣ್ಣಿಗೆ ಕಾಣದ ಅದರ ಕಿರಣ ತಗುಲಿದ ರೋಗಾಣು ಮರಿಯಿಡಲಾರದೆ ಸಾಯುತ್ತದೆ. ಇದರಲ್ಲಿ ಸುಳ್ಳಿಲ್ಲ. ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ 1910ರಲ್ಲಿಯೇ ಕುಡಿಯುವ ನೀರಿಗೆ ಇದನ್ನು ಬಳಸಿದ್ದರು. ಆದರೆ ನೀರು ತಿಳಿಯಾಗಿರಬೇಕು, ನಿಧಾನವಾಗಿ ಹರಿಯಬೇಕು, ರೋಗಾಣು ನೀರಿನಲ್ಲಿ ತೇಲುತ್ತಿರಬೇಕು. ಮೀನಿನ ಮೈಗೆ ಅಂಟಿದ್ದನ್ನೂ ತಳದ ಕೆಸರಿನಲ್ಲಿ ಕುಳಿತದ್ದನ್ನೂ ಅದು ಮುಟ್ಟುವುದಿಲ್ಲ.

ಈಗ ಬಯೋಫ್ಲಾಕ್ ತೊಟ್ಟಿಯನ್ನು ನೋಡಿ. 2020ರಲ್ಲಿ ಮತ್ಸ್ಯ ಸಂಪದ ಯೋಜನೆ ಪ್ರಾರಂಭವಾದ ಬಳಿಕ ಸಹಾಯಧನದಿಂದ ಇಂತಹ ತೊಟ್ಟಿಗಳು ಹಲವು ಊರುಗಳಲ್ಲಿ ಎದ್ದಿವೆ. ಬೆಲ್ಲ ಹಾಕಿ ನಾವು ಅಲ್ಲಿ ಸಾಕುವುದು ಮೊದಲು ಬ್ಯಾಕ್ಟೀರಿಯವನ್ನು, ಆಮೇಲೆ ಮೀನನ್ನು. ಮೀನಿನ ಹೇಸಿಗೆಯಿಂದ ಹುಟ್ಟುವ ಅಮೋನಿಯವನ್ನು ಅವು ತಿಂದು ಹಿಟ್ಟಿನಂತಹ ಗರಣೆಯಾಗುತ್ತವೆ. ಆ ಗರಣೆ ಮೀನಿಗೆ ಮೇವು. ಹೊಲಕ್ಕೆ ಗೊಬ್ಬರ ಹಾಕಿ ಎರೆಹುಳು ಕೊಲ್ಲುವ ಔಷಧಿ ಸಿಂಪಡಿಸುವವರುಂಟೇ? ಅದಿರಲಿ, ರಾಗಿ ಅಂಬಲಿಯಂತಿರುವ ಆ ನೀರಿನೊಳಗೆ ಕಿರಣ ದೂರ ಹೋಗುವುದೂ ಇಲ್ಲ.

ಲೆಕ್ಕವನ್ನೂ ಹಾಕೋಣ. ನಾಲ್ಕು ಮೀಟರ್ ಅಗಲದ ದುಂಡು ತೊಟ್ಟಿಯಲ್ಲಿ ಒಂದು ಮೀಟರ್ ನೀರು ನಿಂತರೆ ಸುಮಾರು 12,500 ಲೀಟರ್. ಗಂಟೆಗೆ ಸಾವಿರ ಲೀಟರ್ ಹಾಯಿಸಿದರೂ ಒಂದು ಸುತ್ತಿಗೆ ಹನ್ನೆರಡೂವರೆ ಗಂಟೆ. ಹಾಯ್ದ ನೀರು ಹಾಯದ ನೀರಿಗೇ ಮರಳಿ ಬೆರೆಯುವುದರಿಂದ, ಸುತ್ತು ಮುಗಿದಾಗಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರು ದೀಪದ ಮುಖವನ್ನೇ ಕಂಡಿರುವುದಿಲ್ಲ. ಅಷ್ಟರಲ್ಲಿ ಉಳಿದ ರೋಗಾಣು ಹಲವು ಪಟ್ಟು ಬೆಳೆದಿರುತ್ತದೆ. 40 ವಾಟಿನ ದೀಪ ಹಗಲಿರುಳು ಉರಿದರೆ ವರ್ಷಕ್ಕೆ 350 ಯೂನಿಟ್ ವಿದ್ಯುತ್ತು. ಪಂಪಿನದು ಬೇರೆ.

ಕೃಷಿ ಹೊಂಡದವರಂತೂ ಇದರ ಯೋಚನೆಯನ್ನೇ ಮಾಡಬೇಡಿ. ಹೊಂಡದ ಹಸಿರು ನೀರು ಕೊಳಕಲ್ಲ, ಅದು ಕಾಟ್ಲಾ ಮೀನಿನ ಹುಲ್ಲುಗಾವಲು. ಅದನ್ನು ತಿಳಿ ಮಾಡಿದರೆ ಹಿಂಡಿ, ತೌಡಿನ ಖರ್ಚು ಏರುತ್ತದೆ, ಅಷ್ಟೆ.

ನಾನೂ ಒಮ್ಮೆ ಮೋಸಹೋದವನೇ. ನ್ಯಾಮತಿಯಲ್ಲಿದ್ದಾಗ ಮಗಳ ಗಾಜಿನ ತೊಟ್ಟಿಗೆ ಸಣ್ಣ ದೀಪವೊಂದನ್ನು ತಂದಿದ್ದೆ. ಎರಡನೆಯ ವರ್ಷ ಮೀನುಗಳಿಗೆ ಬಿಳಿಚುಕ್ಕೆ ರೋಗ ಬಂದು ಒಂದು ವಾರದಲ್ಲಿ ತೊಟ್ಟಿ ಖಾಲಿ. ದೀಪ ಉರಿಯುತ್ತಲೇ ಇತ್ತು! ಇಂತಹ ದೀಪದ ಶಕ್ತಿ ಎಂಟೊಂಬತ್ತು ಸಾವಿರ ಗಂಟೆ, ಎಂದರೆ ಸುಮಾರು ಒಂದು ವರ್ಷ. ಅನಂತರ ನೀಲಿ ಬೆಳಕು ಕಾಣುತ್ತದೆ, ಕೊಲ್ಲುವ ಕಿರಣ ಕುಂದಿರುತ್ತದೆ. ಮಾರಿದವನು ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಿಳಿಚುಕ್ಕೆಯ ಜೀವಿ ಮೀನಿನ ಚರ್ಮದೊಳಗೆ ಅಡಗಿರುತ್ತದೆ. ಹೊರಬಿದ್ದು ಮರಿ ಮಾಡಿ ಈಜಾಡುವ ಸ್ವಲ್ಪ ಕಾಲದಲ್ಲಿ ಮಾತ್ರ ಕಿರಣಕ್ಕೆ ಸಿಕ್ಕುತ್ತದೆ. ಹೊಸ ಮೀನನ್ನು ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿದ್ದರೆ ಬಿಡಿಕಾಸಿನ ಖರ್ಚಿಲ್ಲದೆ ಉಳಿಸಿಕೊಳ್ಳಬಹುದಿತ್ತು.

ಹಾಗಾದರೆ ಯಾರಿಗೆ ಬೇಕು? ಬಣ್ಣದ ಮೀನಿನ ಮರಿ ಮಾಡಿ ಮಾರುವವರಲ್ಲಿ ಇಪ್ಪತ್ತು ಮೂವತ್ತು ಗಾಜಿನ ತೊಟ್ಟಿಗಳಿಗೆ ಒಂದೇ ನೀರು ಸೋಸಿ ಸುತ್ತುತ್ತಿರುತ್ತದೆ. ಒಂದರ ರೋಗ ಮತ್ತೊಂದಕ್ಕೆ ಹೋಗದಂತೆ ದಾರಿಯಲ್ಲೇ ತಡೆಯಲು ದೀಪ ಯೋಗ್ಯ. ಹವಳದ ಪೆಟ್ಟಿಗೆಯವರಿಗೂ ತೇಲುವ ಹಸಿರನ್ನು ತೆಗೆಯಲು ಸ್ವಲ್ಪ ಪ್ರಯೋಜನವುಂಟು. ಕಲ್ಲಿಗೆ ಅಂಟಿದ ಪಾಚಿಗೆ ಇಲ್ಲ. ಯಾರೇ ಇಟ್ಟರೂ ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬಾರದು, ಕಣ್ಣು ಚರ್ಮ ಎರಡಕ್ಕೂ ಕೇಡು.

ಚನ್ನಗಿರಿಯ ಗೆಳೆಯರನ್ನು ನಾನು ಕೇಳಿದ್ದು ಒಂದೇ: ರಾತ್ರಿ ಕರೆಂಟು ಹೋದರೆ ಗಾಳಿಯಂತ್ರಕ್ಕೆ ಗತಿಯೇನು? ಅವರ ಬಳಿ ಉತ್ತರವಿರಲಿಲ್ಲ. ಬಯೋಫ್ಲಾಕ್‌ನಲ್ಲಿ ಗಾಳಿ ನಿಂತರೆ ರೋಗ ಬರುವವರೆಗೂ ಕಾಯಬೇಕಾಗಿಲ್ಲ, ಬೆಳಗಾಗುವುದರೊಳಗೆ ಬೆಳೆ ತೇಲುತ್ತದೆ. ದೀಪದ ಹಣದಲ್ಲಿ ಇನ್ನೊಂದು ಗಾಳಿಯಂತ್ರ, ಬ್ಯಾಟರಿ, ಅಮೋನಿಯ ಪರೀಕ್ಷೆಯ ಪೆಟ್ಟಿಗೆ ಕೊಳ್ಳಿರೆಂದೆ.

ಇದೇ ದೀಪ ಕುಡಿಯುವ ನೀರಿನ ಯಂತ್ರದಲ್ಲೂ ಬರುತ್ತದೆ. ಹೊನ್ನಾಳಿಯವರು ಮಳೆಗಾಲದ ತುಂಗಭದ್ರೆಯ ಕೆಂಪು ನೀರನ್ನು ಸೋಸದೆ ಹಾಯಿಸಿದರೆ ಫಲವಿಲ್ಲ. ಜಗಳೂರು ಕಡೆಯ ಕೊಳವೆಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿರಬಹುದು, ಆದರೆ ಅಲ್ಲಿಯ ಚಿಂತೆ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ; ಈ ದೀಪ ಅದರ ಒಂದು ಕಣವನ್ನೂ ತೆಗೆಯದು. ಯಂತ್ರದ ಅಂಗಡಿಗೆ ಹೋಗುವ ಮೊದಲು ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿ.