ಗೋಧಿ ಒಲ್ಲದ ಮನೆಗೆ ಏನು ಒಯ್ಯಬೇಕು?

ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಪದ್ಧತಿಯಲ್ಲ. ಸಂಬಳದ ದಿನವಾದರೆ ಒಂದು ಪೊಟ್ಟಣ ಬಿಸ್ಕತ್ತು, ಹಬ್ಬವಾದರೆ ಬಾದೂಷಾ, ಕಾಯಿಲೆಯವರಿದ್ದರೆ ಬ್ರೆಡ್ಡು ಅಥವಾ ಬಾರ್ಲಿ ಮಾಲ್ಟಿನ ಡಬ್ಬಿ ಒಯ್ಯುತ್ತೇವೆ. ಒಯ್ಯುವವರ ಮನಸ್ಸು ಒಳ್ಳೆಯದೇ. ಆದರೆ ಈ ನಾಲ್ಕರಲ್ಲಿ ಒಂದನ್ನೂ ಮುಟ್ಟಲಾಗದವರು ನಮ್ಮ ನಡುವೆ ಇದ್ದಾರೆ. ಅಂಥ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವವರಿಗೆ ಏನು ಕೊಟ್ಟರೆ ಸಂತೋಷವಾದೀತು?

ಸೀಲಿಯಾಕ್ ಎಂಬ ರೋಗವುಂಟು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಶ ಈ ರೋಗಿಗಳ ಹೊಟ್ಟೆಗೆ ಹೋದರೆ ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ, ರಕ್ತಹೀನತೆ ಬರಬಹುದು, ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರು 1950ರ ತಮ್ಮ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ತೋರಿಸಿಕೊಟ್ಟರು. ಇಂದಿಗೂ ಮುಖ್ಯ ಚಿಕಿತ್ಸೆ ಒಂದೇ: ಬದುಕಿರುವವರೆಗೆ ಆ ಧಾನ್ಯಗಳನ್ನು ಬಿಡುವುದು.

ಇದು ಉಳ್ಳವರ ಷೋಕಿಯೆಂದು ಕೆಲವರು ನಗುತ್ತಾರೆ. ರೋಗವಿಲ್ಲದೆ ಗೋಧಿ ಬಿಡುವವರ ಷೋಕಿ ಬೇರೆ. ನಾವು ಅದನ್ನು ಸಮರ್ಥಿಸುವುದಿಲ್ಲ. ಸಂಶಯವಿದ್ದವರು ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಲಿ. ಅದಕ್ಕೆ ಮೊದಲೇ ಗೋಧಿ ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಕಾಣದೆ ಹೋಗಬಹುದು. ಆದರೆ ರೋಗವಿರುವವರಿಗೆ ಒಂದು ತುಣುಕು ಪೂರಿಯೂ ಕೇಡು. ಅದನ್ನರಿಯದೆ "ಒಂದು ತಿಂದರೆ ಏನಾಗುತ್ತೆ?" ಎಂದು ಒತ್ತಾಯಿಸುವುದು ಉಪಚಾರವಲ್ಲ.

ಗ್ಲುಟೆನ್ ರಹಿತವೆಂದು ಚೀಟಿ ಹಚ್ಚಿದ ಬಿಸ್ಕತ್ತು ತುಟ್ಟಿ. ಚೀಟಿಗೆ ಅರ್ಥವಿಲ್ಲವೆಂದಲ್ಲ, ಅಂಥ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬ ನಿಯಮವಿದೆ. ಆದರೆ ದುಡಿಯುವವರ ಊಟಕ್ಕೆ ಆ ಪೊಟ್ಟಣವೇ ಗತಿಯಲ್ಲ. ರಾಗಿ, ಜೋಳ, ಸಜ್ಜೆ, ನವಣೆ, ಅಕ್ಕಿ ಇವುಗಳಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಆದ್ದರಿಂದಲೇ ನಮ್ಮ ತಾಯಂದಿರು ಕುದಿಯುವ ಎಸರು ಹೊಯ್ದು, ನಾದಿ, ಕೈಯಿಂದ ರೊಟ್ಟಿ ತಟ್ಟುತ್ತಾರೆ. ಕಾರ್ಖಾನೆಗಳು ಅಂಟಿನ ಪುಡಿ ಬೆರೆಸಿ ಮಾಡುವ ಕೆಲಸವನ್ನು ಈ ಕೈಗಳು ಬಿಸಿನೀರಿನಿಂದಲೇ ಮಾಡಿವೆ.

ಹಾಗಾದರೆ ಕೊಡುವುದೇನು? ಒಂದು ಹೊಸ ಹಂಚು ಕೊಡಿ. ಒಂದು ಮಣೆ, ಒಂದು ಜರಡಿ ಕೊಡಿ. ಹಳೆಯ ಮರದ ಸೀಳಿನಲ್ಲಿ, ಜರಡಿಯ ಕಣ್ಣಿನಲ್ಲಿ ಗೋಧಿ ಹಿಟ್ಟು ಕೂತಿರುತ್ತದೆ, ತೊಳೆದರೂ ನಂಬುವಂತಿಲ್ಲ. ಇಂಗು ಕೊಡಿ, ಆದರೆ ಚೀಟಿ ಓದಿ ಕೊಡಿ. ಡಬ್ಬಿಯ ಇಂಗಿಗೆ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಈ ಮಾತನ್ನು ಗಿರಾಕಿಗೆ ತಿಳಿಸಲು ಅಂಗಡಿಯವರಿಗೆ ಕಾಸು ಖರ್ಚಿಲ್ಲ. ಸಿಹಿ ಒಯ್ಯುವುದಾದರೆ ಮನೆಯಲ್ಲೇ ಚೊಕ್ಕವಾಗಿ ಮಾಡಿದ ಎಳ್ಳುಂಡೆ, ಶೇಂಗಾ ಉಂಡೆ, ಅಕ್ಕಿಯ ಕಜ್ಜಾಯ ಒಯ್ಯಿರಿ. ಸಂಕ್ರಾಂತಿಯ ಎಳ್ಳುಬೆಲ್ಲವನ್ನಂತೂ ಮನೆಮಂದಿಯೆಲ್ಲ ಒಂದೇ ತಟ್ಟೆಯಿಂದ ತಿನ್ನಬಹುದು.

ಎಲ್ಲಕ್ಕಿಂತ ದೊಡ್ಡ ಕೊಡುಗೆ ಹಿಟ್ಟಿನ ಗಿರಣಿಯವರ ಕೈಯಲ್ಲಿದೆ. ಗೋಧಿ ಬೀಸಿದ ಯಂತ್ರಕ್ಕೇ ರಾಗಿ ಸುರಿದರೆ ಕಲ್ಲಿನಲ್ಲಿ ಉಳಿದ ಗೋಧಿ ರಾಗಿಗೆ ಸೇರುತ್ತದೆ. ಎರಡು ಯಂತ್ರಗಳಿರುವ ಗಿರಣಿಯವರು ಒಂದಕ್ಕೆ ಗೋಧಿ ಸೋಕಿಸದೆ ಅದನ್ನು ರಾಗಿ, ಜೋಳಕ್ಕೇ ಮೀಸಲಿಡಲಿ. ಒಂದೇ ಯಂತ್ರವಿರುವ ಊರಿನಲ್ಲಿ ನಾಲ್ಕು ಮನೆಯವರು ವಂತಿಗೆ ಹಾಕಿ ಮನೆಯಲ್ಲೇ ಬೀಸುವ ಸಣ್ಣ ಯಂತ್ರ ಕೊಳ್ಳಲಿ. ಒಬ್ಬರಿಗೆ ಭಾರವಾದದ್ದು ನಾಲ್ವರಿಗೆ ಹಗುರ. ಇದನ್ನು ಕಾರ್ಮಿಕರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ.

ಮದುವೆಯ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಹೋಳಿಗೆ ಬಿದ್ದು, ಒಂದು ಮಗು ಮಾತ್ರ ಬರಿ ಎಲೆ ನೋಡುತ್ತ ಕೂರುವುದು ನಮಗೆ ಒಪ್ಪಿಗೆಯಲ್ಲ. ಅದಕ್ಕಾಗಿ ಬೇರೆ ಪಾತ್ರೆಯಲ್ಲಿ ಅಕ್ಕಿಹಿಟ್ಟಿನ ನಾಲ್ಕು ಕಡುಬು ಬೇಯಿಸಿಟ್ಟರೆ ಸಾಕು. ಮುಂದಿನ ಸಲ ಕರೆಯೋಲೆ ಕೊಡುವಾಗಲೇ ಒಂದು ಮಾತು ಕೇಳಿ: "ನಿಮ್ಮ ಮನೆಯಲ್ಲಿ ಗೋಧಿ ಒಲ್ಲದವರು ಯಾರಾದರೂ ಇದ್ದಾರೆಯೇ?"