ಎರಡು ಕರ್ಮ ಬೇಡುವ ಕ್ರಿಯಾಪದ

‘ಸರ್, ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿಸ್ ಪ್ರಾಬ್ಲಮ್.’ ಪಿಯುಸಿ ತರಗತಿಯಲ್ಲಿ ಈ ಮಾತಿಗೆ ಯಾರೂ ಹುಬ್ಬೇರಿಸುವುದಿಲ್ಲ. ಮೇಷ್ಟರಿಗೆ ಅರ್ಥವಾಗುತ್ತದೆ, ಲೆಕ್ಕವನ್ನೂ ಬಿಡಿಸಿ ತೋರಿಸುತ್ತಾರೆ. ಅದೇ ವಾಕ್ಯ ಪ್ರಶ್ನೆಪತ್ರಿಕೆಯಲ್ಲಿ ‘ತಪ್ಪನ್ನು ತಿದ್ದಿ’ ಎಂದು ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ಕಿವಿಗೆ ಸರಿಯೆನಿಸುವ ಮಾತಿನಲ್ಲಿ ತಪ್ಪು ಹುಡುಕುವುದೆಲ್ಲಿ?

ಕರ್ಮವನ್ನು ಬೇಡುವ ಕ್ರಿಯಾಪದ ಸಕರ್ಮಕ. ಸಕರ್ಮಕಗಳಲ್ಲೇ ಕೆಲವಕ್ಕೆ ಒಂದು ಕರ್ಮ ಸಾಲದು. ಕೊಟ್ಟದ್ದೇನು, ಕೊಟ್ಟದ್ದು ಯಾರಿಗೆ ಎರಡೂ ಬೇಕು. ಇವು ದ್ವಿಕರ್ಮಕಗಳು. ‘ಗಿವ್’ ಇವುಗಳ ಹಿರಿಯಣ್ಣ. ‘ರಾಮ ಹನುಮನಿಗೆ ಉಂಗುರ ಕೊಟ್ಟ’ ಎಂಬುದರ ಪದಗಳನ್ನು ಹೇಗೆ ಹಿಂದುಮುಂದು ಮಾಡಿದರೂ ‘ಗೆ’ ಎಂಬ ಚತುರ್ಥೀ ಪ್ರತ್ಯಯ ಹನುಮನನ್ನು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ, ಸ್ಥಾನವೇ ವಿಭಕ್ತಿಯ ಕೆಲಸ ಮಾಡುತ್ತದೆ. ‘ರಾಮ ಗೇವ್ ಹನುಮಾನ್ ಎ ರಿಂಗ್’ ಎಂದಾಗ ಪಡೆಯುವವನು ಮೊದಲು, ವಸ್ತು ಆಮೇಲೆ. ವಸ್ತು ಮೊದಲು ಬಂದರೆ ‘ಟು’ ಬೇಕು: ‘ರಾಮ ಗೇವ್ ಎ ರಿಂಗ್ ಟು ಹನುಮಾನ್.’ ಸೆಂಡ್, ಶೋ, ಟೆಲ್, ಟೀಚ್, ಲೆಂಡ್ ಎಲ್ಲವೂ ಹೀಗೆಯೇ. ಬೈ, ಮೇಕ್‌ಗಳಲ್ಲಿ ‘ಟು’ ಬದಲು ‘ಫಾರ್’, ಅಷ್ಟೆ.

ತೊಡಕಿರುವುದು ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಅನೌನ್ಸ್‌ಗಳ ಗುಂಪಿನಲ್ಲಿ. ಕನ್ನಡದಲ್ಲಿ ‘ನನಗೆ ಕೊಡಿ’, ‘ನನಗೆ ವಿವರಿಸಿ’ ಒಂದೇ ಅಚ್ಚಿನವು. ‘ಗಿವ್ ಮಿ’ ಸರಿಯಾದರೆ ‘ಎಕ್ಸ್‌ಪ್ಲೇನ್ ಮಿ’ ಏಕಲ್ಲ ಎಂದು ವಿದ್ಯಾರ್ಥಿ ಕೇಳುವುದು ನ್ಯಾಯವೇ. ಉತ್ತರ ಬಹುಮಟ್ಟಿಗೆ ಪದಗಳ ಹುಟ್ಟಿನಲ್ಲಿದೆ. ಗಿವ್, ಟೆಲ್, ಶೋ ಜರ್ಮಾನಿಕ್ ಮೂಲದ ಹಳೆಯ ಪದಗಳು; ಎಕ್ಸ್‌ಪ್ಲೇನ್ ಮೊದಲಾದವು ಲ್ಯಾಟಿನ್, ಫ್ರೆಂಚ್‌ಗಳಿಂದ ಬಂದ ನೆಂಟರು. ಈ ನೆಂಟರಿಗೆ ಸಾಮಾನ್ಯವಾಗಿ ‘ಟು’ ಬೇಕೇ ಬೇಕು: ‘ಎಕ್ಸ್‌ಪ್ಲೇನ್ ದಿಸ್ ಪ್ರಾಬ್ಲಮ್ ಟು ಮಿ.’ ಹಾಗೆಂದು ಇದನ್ನೇ ಸೂತ್ರವೆಂದು ನಂಬಿದರೆ ಮೋಸ. ಪ್ರಾಮಿಸ್, ಆಫರ್ ಲ್ಯಾಟಿನ್ ಮೂಲದವಾದರೂ ‘ಟು’ ಇಲ್ಲದೆ ನಡೆಯುತ್ತವೆ. ಅಚ್ಚ ಇಂಗ್ಲಿಷಿನ ‘ಸೇ’ ಒಪ್ಪುವುದಿಲ್ಲ. ‘ಹೀ ಸೆಡ್ ಮಿ’ ತಪ್ಪು, ‘ಹೀ ಟೋಲ್ಡ್ ಮಿ’ ಸರಿ. ಕನ್ನಡದಲ್ಲಿ ಎರಡಕ್ಕೂ ‘ಹೇಳು’ ಒಂದೇ ಆದ್ದರಿಂದ ಈ ತಪ್ಪು ಪದವೀಧರರ ಬಾಯಲ್ಲೂ ಬರುತ್ತದೆ.

ಮನೆಯಲ್ಲಿ ಪಾಠ ಹೇಳಿಕೊಡುವ ಪಾಲಕರು ‘ಎಕ್ಸ್‌ಪ್ಲೇನ್ ಅಂದರೆ ವಿವರಿಸು’ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ‘ಎಕ್ಸ್‌ಪ್ಲೇನ್ ಸಮ್‌ಥಿಂಗ್ ಟು ಸಮ್‌ಒನ್’ ಎಂದು ಇಡಿಯಾಗಿ ಕಲಿಸುವುದು ಲೇಸು. ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಎ.ಎಸ್. ಹಾರ್ನ್‌ಬಿ ಮತ್ತಿಬ್ಬರ ಜೊತೆ ಸೇರಿ 1942ರಲ್ಲಿ ಹೊರತಂದ ನಿಘಂಟು ಕ್ರಿಯಾಪದಗಳನ್ನು ಹೀಗೆ ವಾಕ್ಯದ ಮಾದರಿಯೊಂದಿಗೇ ಕೊಟ್ಟಿತ್ತು. ಮುಂದೆ ಅದೇ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಆಯಿತು.